ಬಿತ್ತಿದ ಮೇಲೆ ನಮಗೂ ಒಂದು ನೀತಿ ಸಂಹಿತೆ ಬೇಕು

‘ಒಂದು ದೇಶ, ಒಂದು ಚುನಾವಣೆ’ ಎಂಬ ಮಾತು ಬಂದಾಗಿನಿಂದ ನಮ್ಮೂರ ಕಟ್ಟೆಯ ಮೇಲೆ ಮಧ್ಯಂತರ ಚುನಾವಣೆಯ ಚರ್ಚೆ ನಡೆದೇ ಇದೆ. 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಸಂವಿಧಾನದ 129ನೇ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಅಲ್ಲಿಂದ ಅದನ್ನು ಸಂಸತ್ತಿನ ಜಂಟಿ ಸಮಿತಿಗೆ ಒಪ್ಪಿಸಿದರು. ಇದಕ್ಕೂ ಮೊದಲು ಹಿಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಸಮಿತಿ 18,626 ಪುಟಗಳ ವರದಿ ಕೊಟ್ಟಿತ್ತು. ಏಳನೇ ಇಯತ್ತೆ ಓದಿದ ನನ್ನಂಥವನು ಅಷ್ಟು ಪುಟ ಓದಲಾರೆ. ಆದರೆ ಪೇಪರಿನಲ್ಲಿ ಬಂದದ್ದನ್ನು ಓದಿ, ನಮ್ಮ ಹೊಲದ ಲೆಕ್ಕಕ್ಕೆ ಹಚ್ಚಿ ನೋಡಬಲ್ಲೆ.

ಮಸೂದೆಯ ಸಾರ ಇಷ್ಟು. ಲೋಕಸಭೆಗೂ ವಿಧಾನಸಭೆಗಳಿಗೂ ಐದು ವರ್ಷಕ್ಕೊಮ್ಮೆ ಒಟ್ಟಿಗೇ ಚುನಾವಣೆ. ನಡುವೆ ಸರಕಾರ ಬಿದ್ದು ಸದನ ವಿಸರ್ಜನೆಯಾದರೆ ಮಧ್ಯಂತರ ಚುನಾವಣೆ ಇದ್ದೇ ಇದೆ, ಆದರೆ ಗೆದ್ದವರಿಗೆ ಹೊಸದಾಗಿ ಐದು ವರ್ಷ ಸಿಗುವುದಿಲ್ಲ. ಹಿಂದಿನವರು ಬಿಟ್ಟುಹೋದ ಅವಧಿಯಷ್ಟೇ. ಮೂರು ವರ್ಷಕ್ಕೆ ಬಿದ್ದರೆ ಉಳಿದ ಎರಡು ವರ್ಷ.

ಇದನ್ನು ಕೇಳಿ ನನಗೆ ನೆನಪಾದದ್ದು ಲಾವಣಿ ಹೊಲ. ಐದು ವರ್ಷಕ್ಕೆ ಲಾವಣಿ ಹಾಕಿಕೊಂಡವ ಮೂರು ವರ್ಷಕ್ಕೆ ಬಿಟ್ಟು ಹೋದ ಅಂತ ಇಟ್ಟುಕೊಳ್ಳಿ. ಉಳಿದ ಎರಡು ವರ್ಷಕ್ಕೆ ಬಂದವ ಏನು ಮಾಡುತ್ತಾನೆ? ಒಡೆದ ಒಡ್ಡು ಕಟ್ಟುತ್ತಾನೆಯೇ? ತಿಪ್ಪೆ ಗೊಬ್ಬರ ಹೇರುತ್ತಾನೆಯೇ? ಕರಿಕೆ ಕೀಳಿಸುತ್ತಾನೆಯೇ? ಎರಡು ಬೆಳೆ ತೆಗೆದುಕೊಂಡು ಹೋದರೆ ಸಾಕು ಅಂತಾನೆ. ಕೆರೆ, ಒಡ್ಡು, ಗೋದಾಮು ಇವೆಲ್ಲ ಒಂದು ವರ್ಷದ ಕೆಲಸಗಳಲ್ಲ. ಉಳಿಕೆ ಅವಧಿಗೆ ಬಂದ ಸರಕಾರ ಇಂಥದ್ದಕ್ಕೆ ಕೈ ಹಾಕುವುದೇ ಎಂಬುದು ನನ್ನ ಮೊದಲ ಅನುಮಾನ.

ನಮ್ಮ ಓಣಿಯ ಹುಡುಗನೊಬ್ಬ ಡಿಗ್ರಿ ಓದಿದವ. ಅವನ ಮಾತು ಬೇರೆ. “ಕಾಕಾ, ವರ್ಷಾ ಒಂದಿಲ್ಲೊಂದು ಇಲೆಕ್ಷನ್. ನೀತಿ ಸಂಹಿತೆ ಅಂತ ಎಲ್ಲಾ ಕೆಲಸ ಬಂದ್. ಸಾಲಿ ಮಾಸ್ತರು, ತಲಾಟಿ ಎಲ್ಲಾರೂ ಆ ಕೆಲಸಕ್ಕ ಹೋಗತಾರ. ಒಮ್ಮೆ ಮುಗಸಿಬಿಟ್ರ ಛಲೋ ಅಲ್ಲೇನ್ರಿ?” ಅಂತ. ಅವನ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೆ ಕಟ್ಟೆಯ ಹಿರಿಯರೊಬ್ಬರು ಕೊಟ್ಟ ಉತ್ತರದಲ್ಲೂ ಸುಳ್ಳಿಲ್ಲ. “ತಮ್ಮಾ, ಅವರು ನಮ್ಮೂರ ಹಾದಿ ನೋಡೂದು ಇಲೆಕ್ಷನ್ ಬಂದಾಗ ಅಷ್ಟ. ಅದನ್ನೂ ಐದ ವರ್ಷಕ್ಕೊಮ್ಮೆ ಮಾಡಿದ್ರ ನಮ್ಮ ಹಾದಿಗೆ ಖಡಿ ಬೀಳೂದು ಯಾವಾಗ?”

ನಡುವೆ ಬಂದ ಚುನಾವಣೆ ಕೆಟ್ಟದ್ದೇ?

1951-52ರಿಂದ 1967ರವರೆಗೆ ದೇಶದಲ್ಲಿ ಎರಡೂ ಚುನಾವಣೆ ಹೆಚ್ಚುಕಡಿಮೆ ಒಟ್ಟಿಗೇ ನಡೆದವು. ಆಮೇಲೆ ತಾಳ ತಪ್ಪಿತು. 1971ರಲ್ಲಿ ಲೋಕಸಭೆಗೆ ಮೊದಲ ಮಧ್ಯಂತರ ಚುನಾವಣೆ. ಆಮೇಲೆ 1980, 1991, 1998, 1999. 1996ರಿಂದ 1999ರೊಳಗೆ ನಾವು ಲೋಕಸಭೆಗೆ ಮೂರು ಸಲ ಶಿಕ್ಕಾ ಒತ್ತಿದೆವು. ಜನಕ್ಕೆ ಬೇಸರ ಬಂದದ್ದು ನಿಜ.

ಆದರೆ ನಮ್ಮ ರಾಜ್ಯದ 1985ರದ್ದನ್ನು ಮರೆಯಬಾರದು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ಕರ್ನಾಟಕದ 28ರಲ್ಲಿ ಸಿಕ್ಕದ್ದು 4 ಸ್ಥಾನ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಿಗೆ ಇನ್ನೂ ಮೂರು ವರ್ಷ ಇತ್ತು. ಆದರೂ ರಾಜೀನಾಮೆ ಕೊಟ್ಟು 1985ರ ಮಾರ್ಚಿನಲ್ಲಿ ಮತ್ತೆ ಜನರ ಮುಂದೆ ಬಂದರು. 139 ಸ್ಥಾನ ಗೆದ್ದರು. ಅದೇ ಸರಕಾರದಲ್ಲಿ ನಜೀರ್ ಸಾಬರು ಇದ್ದರು. ಹಳ್ಳಿಗೆ ಬೋರು ಹೊಡೆಸಿ ಕೈಪಂಪು ಹಾಕಿಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಅಂತಲೇ ಕರೆದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು ಅಧಿಕಾರ ಊರ ತನಕ ಬಂತು. ನಡುವೆ ಬಂದ ಆ ಚುನಾವಣೆಯಿಂದ ಹಳ್ಳಿಗೆ ನಷ್ಟವಾಯಿತು ಅಂತ ಯಾರೂ ಹೇಳಲಾರರು.

ಇನ್ನೊಂದು ಮಾತು. ದಿಲ್ಲಿಯಲ್ಲಿ ಚುನಾವಣೆ ಬಹಳವಾಯಿತು ಅಂತ ಚಿಂತೆ. ನಮ್ಮ ತಾಲ್ಲೂಕಿನಲ್ಲಿ ಚುನಾವಣೆಯೇ ಇಲ್ಲ ಅಂತ ಚಿಂತೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಮತ ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರಭಾರ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಕಾರಣಗಳು ಬೆಳೆಯುತ್ತ ಹೋದವು. ಕೋವಿಂದ್ ಸಮಿತಿಯ ವರದಿಯಲ್ಲಿ ಪಂಚಾಯಿತಿ ಚುನಾವಣೆಯ ಮಾತು ಇತ್ತು. ಲೋಕಸಭೆಗೆ ಬಂದ ಮಸೂದೆಯಲ್ಲಿ ಅದಿಲ್ಲ. ನಮಗೆ ಹತ್ತಿರದ ಚುನಾವಣೆಯೇ ಲೆಕ್ಕಕ್ಕಿಲ್ಲ ಅಂದಂತಾಯಿತು.

ಉಳ್ಳಾಗಡ್ಡಿ ಮತ್ತು ಕುರ್ಚಿ

ಈಗ ನಮ್ಮ ಕಸುಬಿಗೆ ಬರೋಣ. ಚುನಾವಣೆಗೂ ಒಣ ಬೇಸಾಯಕ್ಕೂ ನೇರ ಸಂಬಂಧ ಹಚ್ಚುವ ಬೆಳೆ ಒಂದಿದೆ. ಅದು ಉಳ್ಳಾಗಡ್ಡಿ, ಆ ಕಡೆಯವರು ಈರುಳ್ಳಿ ಅನ್ನುವುದು. ಗದಗ, ಧಾರವಾಡ, ಬಾಗಲಕೋಟೆ, ವಿಜಯಪುರ, ಚಿತ್ರದುರ್ಗ ಕಡೆ ಮುಂಗಾರಿ ಮಳೆ ನಂಬಿ ಇದನ್ನು ಬೆಳೆಯುವವರು ಸಾವಿರಾರು ಜನ ಇದ್ದೇವೆ.

1980ರ ಜನವರಿಯ ಮಧ್ಯಂತರ ಚುನಾವಣೆಗೆ ‘ಉಳ್ಳಾಗಡ್ಡಿ ಚುನಾವಣೆ’ ಅಂತಲೇ ಹೆಸರು ಬಿತ್ತು. ಬೆಲೆ ಏರಿದ್ದನ್ನು ಇಂದಿರಾ ಗಾಂಧಿಯವರು ಪ್ರಚಾರದ ಅಸ್ತ್ರ ಮಾಡಿಕೊಂಡರು, ಗೆದ್ದರು. 1998ರ ನವೆಂಬರಿನಲ್ಲಿ ದಿಲ್ಲಿ ರಾಜ್ಯದ ಸರಕಾರ ಸೋತದ್ದರ ಹಿಂದೆಯೂ ಉಳ್ಳಾಗಡ್ಡಿ ಬೆಲೆ ದೊಡ್ಡ ಕಾರಣವಾಗಿತ್ತು. ಅಂದಿನಿಂದ ಯಾವ ಪಕ್ಷ ಕುರ್ಚಿಯ ಮೇಲೆ ಕುಳಿತರೂ ಉಳ್ಳಾಗಡ್ಡಿ ಅಂದರೆ ಹೆದರಿಕೆ.

ಹೆದರಿದವರು ಏನು ಮಾಡುತ್ತಾರೆ? ಹೊರದೇಶಕ್ಕೆ ಕಳಿಸುವ ಬಾಗಿಲು ಹಾಕುತ್ತಾರೆ. 2010ರ ಡಿಸೆಂಬರಿನಲ್ಲಿ ಒಂದು ಪಕ್ಷದ ಸರಕಾರ ಹಾಕಿತು. 2019ರ ಸೆಪ್ಟೆಂಬರ್ 29ಕ್ಕೆ ಇನ್ನೊಂದು ಪಕ್ಷದ ಸರಕಾರ ಹಾಕಿತು. ಆಗ ಮಹಾರಾಷ್ಟ್ರ, ಹರಿಯಾಣ ಚುನಾವಣೆ ಮೂರು ವಾರ ಮುಂದಿತ್ತು. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ಹಾಕಿದರು. ಬಿಹಾರದ ಚುನಾವಣೆ ಹತ್ತಿರವಿತ್ತು. ರೈತ ತನ್ನ ಮಾಲನ್ನು ಎಲ್ಲಿ ಬೇಕಾದರೂ ಮಾರಬಹುದು ಎಂಬ ಕಾಯ್ದೆಗಳು ಸಂಸತ್ತಿನಲ್ಲಿ ಪಾಸಾದದ್ದೂ ಅದೇ ತಿಂಗಳು. ಒಂದು ಕೈಯಲ್ಲಿ ಬಾಗಿಲು ತೆಗೆದು ಇನ್ನೊಂದು ಕೈಯಲ್ಲಿ ಅಗಳಿ ಹಾಕಿದ ಹಾಗೆ.

ಇನ್ನು 2023. ಆಗಸ್ಟ್‌ನಲ್ಲಿ 40 ಶೇಕಡಾ ರಫ್ತು ಸುಂಕ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. ಮುಂದೆ ಲೋಕಸಭಾ ಚುನಾವಣೆ.

ಇವೆಲ್ಲ ಬೆಲೆ ಏರಿದಾಗಿನ ಕತೆ. ಬೆಲೆ ಬಿದ್ದಾಗ? 2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು ಬೆಂಗಳೂರಿನ ಯಶವಂತಪುರಕ್ಕೆ 205 ಕಿಲೋ ಉಳ್ಳಾಗಡ್ಡಿ ಒಯ್ದರು. ಕ್ವಿಂಟಲಿಗೆ 200 ರೂ.ನಂತೆ 410 ರೂ. ಆಯಿತು. ಲಾರಿ ಬಾಡಿಗೆ 377 ರೂ. 64 ಪೈಸೆ, ಹಮಾಲಿ 24 ರೂ. ಮುರಿದು ಕೈಗೆ ಬಂದದ್ದು 8 ರೂ. 36 ಪೈಸೆ. ಆ ಪಟ್ಟಿಯ ಫೋಟೋ ಊರೂರು ತಿರುಗಿತು. ಆರು ತಿಂಗಳ ಮೇಲೆ ರಾಜ್ಯದಲ್ಲಿ ಚುನಾವಣೆ ಬಂತು. ಆ 8 ರೂ. 36 ಪೈಸೆಯನ್ನು ಯಾರೂ ಎತ್ತಿ ಆಡಲಿಲ್ಲ. ಕಿಲೋಕ್ಕೆ ನೂರು ರೂಪಾಯಿ ಆದರೆ ಸಿಂಹಾಸನ ಅಲುಗಾಡುತ್ತದೆ. ಎರಡು ರೂಪಾಯಿ ಆದರೆ ಒಂದು ಎಲೆಯೂ ಅಲುಗಾಡುವುದಿಲ್ಲ.

ಇದಕ್ಕೆ ಕಾರಣ ಯಾರದೋ ದುಷ್ಟತನ ಅಂತ ನಾನು ಹೇಳುವುದಿಲ್ಲ. ಲೆಕ್ಕ ಸರಳ. ಉಳ್ಳಾಗಡ್ಡಿ ಕೊಳ್ಳುವವ ವರ್ಷದ ಹನ್ನೆರಡೂ ತಿಂಗಳು ಕೊಳ್ಳುತ್ತಾನೆ, ಯಾವ ತಿಂಗಳು ಚುನಾವಣೆ ಬಂದರೂ ಅವನ ಸಿಟ್ಟು ಬಿಸಿಯಾಗಿರುತ್ತದೆ. ಬೆಳೆಯುವವ ವರ್ಷಕ್ಕೊಮ್ಮೆ ಮಾರುತ್ತಾನೆ. ನಷ್ಟವಾದರೆ ಸಾಲ ತಂದು ಮತ್ತೆ ಬಿತ್ತುತ್ತಾನೆ. ಚುನಾವಣೆ ಬರುವ ಹೊತ್ತಿಗೆ ಅವನ ಸಿಟ್ಟಿನ ಮೇಲೆ ಎರಡು ಮಳೆ ಬಿದ್ದಿರುತ್ತದೆ.

ಪೆಟ್ಟು ನಮಗೇ ಯಾಕೆ ಜಾಸ್ತಿ?

ದೇಶದ ಉಳ್ಳಾಗಡ್ಡಿಯಲ್ಲಿ ಸುಮಾರು ಮೂರನೇ ಎರಡು ಪಾಲು ಹಿಂಗಾರಿ ಬೆಳೆ. ಅದು ಮಾರ್ಚಿನಿಂದ ಮೇ ತನಕ ಕಣಕ್ಕೆ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ನಾಸಿಕದ ಕಡೆಯದು. ಗಾಳಿಯಾಡುವ ಗೂಡಿನಲ್ಲಿಟ್ಟರೆ ನಾಲ್ಕೈದು ತಿಂಗಳು ತಡೆಯುತ್ತದೆ. ನಮ್ಮದು ಮುಂಗಾರಿ ಬೆಳೆ. ಸೆಪ್ಟೆಂಬರಿನಿಂದ ನವೆಂಬರ್ ತನಕ ಬರುತ್ತದೆ. ಗಡ್ಡೆಯಲ್ಲಿ ನೀರಿನ ಅಂಶ ಜಾಸ್ತಿ, ತಿಂಗಳು ಇಟ್ಟರೆ ಮೊಳಕೆ ಬಂತು, ಇಲ್ಲ ಕೊಳೆತು ನಾರಿತು. ಬೆಲೆ ಬರಲಿ ಅಂತ ಕಾಯುವ ಹಾಗಿಲ್ಲ.

ಹಳೆಯ ದಾಸ್ತಾನು ಮುಗಿದು ಹೊಸ ಮಾಲು ಬರುವ ಮುಂಚಿನ ಸಂದಿ ಆಗಸ್ಟ್‌ನಿಂದ ಅಕ್ಟೋಬರ್. ಬೆಲೆ ಏರುವುದು ಆಗಲೇ. ಸರಕಾರ ಗಾಬರಿಯಾಗುವುದೂ ಆಗಲೇ. ಸುಂಕ, ನಿಷೇಧ ಎಲ್ಲ ಬರುವುದು ನಮ್ಮ ಗಡ್ಡೆ ನೆಲದಿಂದ ಮೇಲೆ ಬರುವ ಹೊತ್ತಿಗೆ. ಸರಕಾರ ಹಿಂಗಾರಿಯಲ್ಲಿ ಕೊಂಡಿಟ್ಟ ಕಾಪು ದಾಸ್ತಾನನ್ನೂ ಆ ದಿನಗಳಲ್ಲೇ ಬಿಡುತ್ತದೆ. 2023ರಲ್ಲಿ ಅದನ್ನು 3 ಲಕ್ಷ ಟನ್ನಿಂದ 5 ಲಕ್ಷ ಟನ್ನಿಗೆ ಏರಿಸಿದರು. 2024ರ ಸೆಪ್ಟೆಂಬರ್ 5ರಿಂದ ದಿಲ್ಲಿಯಲ್ಲಿ ಕಿಲೋಕ್ಕೆ 35 ರೂ.ನಂತೆ ಗಾಡಿಗಳಲ್ಲಿ ಮಾರಿಸಿದರು.

“ನಿಮ್ಮ ಉಳ್ಳಾಗಡ್ಡಿ ಹಡಗು ಹತ್ತುವುದೇ ಕಡಿಮೆ, ರಫ್ತು ನಿಂತರೆ ನಿಮಗೇನು?” ಅಂತ ಪೇಟೆಯ ಒಬ್ಬ ಮಿತ್ರರು ಕೇಳಿದರು. ನಾಸಿಕದ ಮಾಲು ಮುಂಬಯಿ ಬಂದರಿನಲ್ಲಿ ನಿಂತರೆ ಅದು ಅಲ್ಲೇ ಕೊಳೆಯುತ್ತ ಕೂರುವುದಿಲ್ಲ. ಲಾರಿ ಹತ್ತಿ ಬೆಂಗಳೂರಿಗೂ ಚೆನ್ನೈಗೂ ಬರುತ್ತದೆ. ನಾವು ಮಾರುವುದೂ ಅಲ್ಲೇ. ಮೇಲಿನ ಹೊಲದವ ಒಡ್ಡು ಹಾಕಿ ನೀರು ತಿರುಗಿಸಿದರೆ ಕೆಳಗಿನ ಹೊಲ ಕೊಚ್ಚಿ ಹೋಗುವ ಹಾಗೆ.

ನನ್ನ ಲೆಕ್ಕವನ್ನೇ ಹೇಳುತ್ತೇನೆ. 2023ರಲ್ಲಿ ಜೂನ್ ಮಳೆ ಕೈಕೊಟ್ಟಿತು. ಜುಲೈ ಕೊನೆಗೆ ಎರಡು ಎಕರೆ ಕೂರಿಗೆಯಲ್ಲಿ ಬಿತ್ತಿದೆ. ಆಗಸ್ಟ್ ಪೂರ್ತಿ ಒಣಗಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದ್ದವು. ಒಳ್ಳೆಯ ವರ್ಷ ನೂರೈವತ್ತು ಚೀಲ ಕೊಡುವ ಹೊಲ ನಲವತ್ತು ಚೀಲ ಕೊಟ್ಟಿತು. ಆದರೂ ಧೈರ್ಯ ಇತ್ತು, ಯಾಕೆಂದರೆ ನವೆಂಬರ್ ಕೊನೆಗೆ ಕ್ವಿಂಟಲಿಗೆ 3,500 ರೂ. ಆಸುಪಾಸು ನಡೆದಿತ್ತು. ಬೆಳೆ ಕಡಿಮೆಯಾದರೂ ಬೆಲೆ ಅದನ್ನು ತುಂಬಿಕೊಡುತ್ತಿತ್ತು. ಗಡ್ಡೆ ಕೊಯ್ದು, ಆರಿಸಿ, ಚೀಲ ಹೊಲಿದು ಪೇಟೆಗೆ ಒಯ್ಯುವ ಹೊತ್ತಿಗೆ ನಿಷೇಧ ಬಂದು ವಾರವಾಗಿತ್ತು. ನನಗೆ ಸಿಕ್ಕದ್ದು 1,600 ರೂ. ಮಳೆರಾಯ ಕಸಿದದ್ದನ್ನು ಯಾರ ಮುಂದೆ ಹೇಳಿಕೊಳ್ಳೋಣ, ಅದು ನಮ್ಮ ಹಣೆಬರಹ. ಆದರೆ ಉಳಿದ ಅರ್ಧವನ್ನು ಒಂದು ಕಾಗದ ಕಸಿಯಿತು.

ಅದೇ ಡಿಸೆಂಬರಿನ ಅದೇ ವಾರ ಹಳದಿ ಬಟಾಣಿಗೆ ಸುಂಕವಿಲ್ಲದೆ ಆಮದಿನ ಬಾಗಿಲು ತೆಗೆದರು. ನಮ್ಮ ಎರಿ ಹೊಲದಲ್ಲಿ ಆಗ ಕಡಲೆ ಹೂವು ಕಾಯಿ ಹಿಡಿಯುತ್ತಿತ್ತು. ಬಟಾಣಿ ಅಗ್ಗಕ್ಕೆ ಬಂದರೆ ಬೇಳೆ ಹಿಟ್ಟಿನವರು ಕಡಲೆ ಬಿಟ್ಟು ಅದನ್ನು ಹಿಡಿಯುತ್ತಾರೆ. ಒಂದೇ ವಾರದಲ್ಲಿ ಹೋಗುವ ಬಾಗಿಲು ಮುಚ್ಚಿತು, ಬರುವ ಬಾಗಿಲು ತೆರೆಯಿತು.

ರಫ್ತು ನಿಷೇಧ ತೆಗೆದದ್ದು 2024ರ ಮೇ 4ಕ್ಕೆ. ನಮ್ಮ ಕಡೆ ಮತದಾನ ಮೇ 7ಕ್ಕೆ, ನಾಸಿಕದಲ್ಲಿ ಮೇ 20ಕ್ಕೆ. ನಮ್ಮ ಮನೆಯ ಉಳ್ಳಾಗಡ್ಡಿ ಹೋಗಿ ಐದು ತಿಂಗಳಾಗಿತ್ತು. ನಾಸಿಕ, ದಿಂಡೋರಿ ಎರಡೂ ಕಡೆ ಆಳುವವರ ಅಭ್ಯರ್ಥಿಗಳು ಸೋತರು. ದಿಂಡೋರಿಯಲ್ಲಿ ಸೋತವರು ಕೇಂದ್ರದ ಮಂತ್ರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ವಿಧಾನಸಭೆ ಚುನಾವಣೆಗೆ ಮುಂಚೆ ಸುಂಕ 20 ಶೇಕಡಾಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಪೂರ್ತಿ ಹೋಯಿತು. ಬೆಳೆಯುವವರು ಒಟ್ಟಾಗಿ ಮತ ಹಾಕಿದರೆ ದಿಲ್ಲಿಗೆ ಕಿವಿ ಕೇಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಹೀಗೆ ಮೇಲಿಂದ ಮೇಲೆ ಬಾಗಿಲು ಹಾಕಿದ ಅಂಗಡಿಗೆ ಹೊರದೇಶದ ಗಿರಾಕಿ ನಂಬಿ ಬರುತ್ತಾನೆಯೇ?

ನನ್ನ ಸಲಹೆ

ಚುನಾವಣೆ ಘೋಷಣೆಯಾದ ದಿನದಿಂದ ನೀತಿ ಸಂಹಿತೆ ಜಾರಿ. ಸರಕಾರ ಹೊಸ ಯೋಜನೆ ಸಾರುವಂತಿಲ್ಲ. ಆ ವರ್ಷದ ಬರ ಪರಿಹಾರದ ಕತೆ ನೋಡಿ. ರಾಜ್ಯ 18,171 ಕೋಟಿ ಕೇಳಿತ್ತು. ಹಣ ಬರಲಿಲ್ಲ ಅಂತ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಚುನಾವಣೆ ಬಂತು. ಪರಿಹಾರಕ್ಕೂ ಚುನಾವಣಾ ಆಯೋಗದ ಒಪ್ಪಿಗೆ ಬೇಕಾಯಿತು. ಏಪ್ರಿಲ್ 27ಕ್ಕೆ ಸುಮಾರು 3,454 ಕೋಟಿ ಬಿಡುಗಡೆಯಾದ ಸುದ್ದಿ ಬಂತು. ಒಣಗಿದ ಬೆಳೆ ಅಷ್ಟರಲ್ಲಿ ದನದ ಹೊಟ್ಟೆ ಸೇರಿತ್ತು.

ಆಟದ ನಡುವೆ ನಿಯಮ ಬದಲಿಸಬಾರದು ಎಂಬುದು ಈ ನೀತಿ ಸಂಹಿತೆಯ ಮೂಲ. ಒಳ್ಳೆಯದೇ. ಅಭ್ಯರ್ಥಿಗಳಿಗೆ ಇರುವ ಈ ನ್ಯಾಯ ರೈತನಿಗೆ ಯಾಕಿಲ್ಲ? ನಾನು ಬೀಜ ಮಣ್ಣಿಗೆ ಹಾಕಿದ ದಿನವೇ ನನ್ನ ನಾಮಪತ್ರ ಸಲ್ಲಿಸಿದ ಹಾಗೆ. ಆಮೇಲೆ ಹಿಂತೆಗೆಯುವ ಅವಕಾಶ ನನಗಿಲ್ಲ. ಬಿತ್ತಿದ ಬೀಜ ಆರಿಸಿ ತರಲಾಗದು. ಹಾಗಾದರೆ ಸರಕಾರಕ್ಕೂ ಹಿಂತೆಗೆಯುವ ಅವಕಾಶ ಇರಬಾರದು.

ನನ್ನ ಬೇಡಿಕೆ ಮೂರೇ ಮೂರು. ಮೊದಲನೆಯದು, ಉಳ್ಳಾಗಡ್ಡಿ, ಕಾಳುಕಡಿಗಳ ರಫ್ತು, ಆಮದು, ಸುಂಕದ ನಿಯಮವನ್ನು ಮುಂಗಾರಿಗೆ ರೋಹಿಣಿ ಮಳೆಯ ಮುಂಚೆ, ಹಿಂಗಾರಿಗೆ ದಸರೆಯ ಮುಂಚೆ ಸಾರಬೇಕು. ಎರಡನೆಯದು, ಆ ಬೆಳೆ ಪೇಟೆ ಸೇರುವ ತನಕ ಅದನ್ನು ಮುಟ್ಟಬಾರದು, ಯಾವ ರಾಜ್ಯದಲ್ಲಿ ಯಾವ ಚುನಾವಣೆ ಬಂದರೂ. ಮೂರನೆಯದು, ಮುಟ್ಟಲೇಬೇಕಾದ ಸಂದರ್ಭ ಬಂದರೆ ನಿಯಮದ ಹಿಂದಿನ ವಾರದ ಬೆಲೆಗೂ ಆಮೇಲಿನ ಬೆಲೆಗೂ ಇರುವ ವ್ಯತ್ಯಾಸವನ್ನು ಪಟ್ಟಿ ತೋರಿಸಿದ ರೈತನ ಖಾತೆಗೆ ಹಾಕಬೇಕು. ಉಳ್ಳಾಗಡ್ಡಿಗೆ ಬೆಂಬಲ ಬೆಲೆ ಇಲ್ಲ. ಇಷ್ಟಾದರೂ ಇರಲಿ.

“ನೂರು ರೂಪಾಯಿ ಆದರೆ ಬಡವ ಏನು ತಿನ್ನಬೇಕು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರಬೇಕಾದದ್ದೇ. ಒಣ ಬೇಸಾಯದವರೂ ಬೇಸಿಗೆಯಲ್ಲಿ ಉಳ್ಳಾಗಡ್ಡಿ ಕೊಂಡೇ ತಿನ್ನುವುದು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳೂ ಕೊಂಡೇ ತಿನ್ನುವುದು, ರೊಟ್ಟಿಗೆ ಅದೇ ಅವರ ಪಲ್ಯ. ಆದರೆ ಅವರಿಗೆ ಅಗ್ಗವಾಗಿ ಕೊಡಬೇಕಾದರೆ ಸರಕಾರದ ಬೊಕ್ಕಸದಿಂದ ಕೊಡಲಿ. ಕಾಪು ದಾಸ್ತಾನನ್ನು ನಮ್ಮ ಸುಗ್ಗಿಗೆ ಮುಂಚೆ, ಬಡವರ ರೇಷನ್ ಅಂಗಡಿಯಲ್ಲಿ ಬಿಡಲಿ. ಎಲ್ಲರ ತಟ್ಟೆಗೆ ಒಬ್ಬನ ಚೀಲದಿಂದ ತೆಗೆದು ಬಡಿಸುವುದು ದಾನವಲ್ಲ.

ಇದು ಆಗದ ಕೆಲಸ ಅನ್ನುವಂತಿಲ್ಲ. 2023ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರು ರೋಸ್ ಉಳ್ಳಾಗಡ್ಡಿಗೆ ಮಾತ್ರ ಸುಂಕ ಬಿಟ್ಟರು. ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳೆಯುವ ಆ ಸಣ್ಣ ಗಡ್ಡೆ ಹೊರದೇಶಕ್ಕೆಂದೇ ಬೆಳೆಯುವಂಥದ್ದು. ಬೆಳೆಗಾರರು ಕೇಳಿದರು, ಸರಕಾರ ತಿಳಿದುಕೊಂಡು ಕೊಟ್ಟಿತು. ನೋಡಿ ಕತ್ತರಿಸುವ ಕತ್ತರಿ ಅವರ ಹತ್ತಿರ ಇದೆ, ಯಾವಾಗಲೂ ಕೊಡಲಿಯೇ ಬೇಕಿಲ್ಲ.

ಚುನಾವಣೆ ಒಟ್ಟಿಗೆ ಬರಲಿ, ಬಿಡಿಬಿಡಿಯಾಗಿ ಬರಲಿ, ನಡುವೆ ಬರಲಿ. ಅದನ್ನು ದಿಲ್ಲಿಯ ದೊಡ್ಡವರು ತೀರ್ಮಾನಿಸಲಿ. ನಮ್ಮ ಕೈಯಲ್ಲಿ ಇರುವುದು ಒಂದೇ. ಪೇಟೆಯ ಪಟ್ಟಿಗಳನ್ನು ಹರಿದು ಒಗೆಯದೆ ಇಟ್ಟುಕೊಳ್ಳೋಣ. ಮತ ಕೇಳಲು ಬಂದವರು ಯಾವ ಪಕ್ಷದವರೇ ಇರಲಿ, ಯಾವ ಜಾತಿಯವರೇ ಇರಲಿ, ಕೂಡ್ರಿಸಿ ಚಹಾ ಕೊಟ್ಟು ಪಟ್ಟಿ ಮುಂದಿಡೋಣ. “ನಾವು ಬಿತ್ತಿದ ಮೇಲೆ ನೀವು ಕಾನೂನು ಬದಲಿಸುವುದಿಲ್ಲ ಅಂತ ಮಾತು ಕೊಡುತ್ತೀರಾ?” ಎಂಬ ಒಂದೇ ಪ್ರಶ್ನೆ ಕೇಳೋಣ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ರಸ್ತೆ, ಗುಡಿ, ಸಮುದಾಯ ಭವನ ಆಮೇಲೆ ಕೇಳಿದರಾಯಿತು.

ತೊಗರಿ, ಹತ್ತಿ, ಮೆಣಸಿನಕಾಯಿ ಬೆಳೆಯುವವರಿಗೂ ಇಂಥದೇ ಅನುಭವ ಆಗಿರಬೇಕು. ಯಾವ ವರ್ಷ, ಯಾವ ತಿಂಗಳು, ಬಿತ್ತುವಾಗ ಏನು ನಿಯಮವಿತ್ತು, ಮಾರುವಾಗ ಏನಾಯಿತು ಎಂಬುದನ್ನು ಪಟ್ಟಿ ಸಮೇತ ಪತ್ರಿಕೆಗೆ ಬರೆಯಿರಿ. ಹತ್ತು ಜಿಲ್ಲೆಗಳ ಪಟ್ಟಿ ಒಂದೆಡೆ ಸೇರಿದರೆ ಅದನ್ನು ಓದದೆ ಬದಿಗಿಡುವುದು ಯಾವ ಸರಕಾರಕ್ಕೂ ಸುಲಭವಲ್ಲ.